ಎಂಟು ಗಂಟೆಯ ಫೋನು

ಮುಂಬಯಿಯ ಮಾಟುಂಗಾದಲ್ಲಿ ನನ್ನದೊಂದು ಸಣ್ಣ ಹೋಟೆಲು. ಬೆಳಗಿನ ನಾಲ್ಕಕ್ಕೆ ಎದ್ದರೆ ಇಡ್ಲಿ ಬೇಯಬೇಕು, ಹಾಲಿನವನ ಲೆಕ್ಕ ಆಗಬೇಕು, ಊರಿಗೆ ಹೋದ ಹುಡುಗನ ಬದಲಿಗೆ ಇನ್ನೊಬ್ಬ ಸಿಗಬೇಕು, ತಿಂಗಳ 20ರೊಳಗೆ ಜಿಎಸ್‌ಟಿ ರಿಟರ್ನ್ ಹೋಗಬೇಕು. ಯಾವುದು ಮೊದಲು ಅಂತ ಕೇಳಬೇಡಿ. ಜೋರಾಗಿ ಕೂಗಿದವರದ್ದೇ ಮೊದಲು.

ಅಮ್ಮ ಕೂಗುವವಳಲ್ಲ. ಕುಂದಾಪುರದಿಂದ ಅವಳ ಫೋನು ಬರುವುದು ಸರಿಯಾಗಿ ಎಂಟಕ್ಕೆ, ಗಲ್ಲಾದೆದುರು ಗಿರಾಕಿಗಳು ನಿಂತಿರುವಾಗ. "ಆಮೇಲ್ ಮಾಡ್ತೆ ಅಮ್ಮಾ" ಅನ್ನುತ್ತಿದ್ದೆ. ನನ್ನ 'ಆಮೇಲೆ' ಬರುವಷ್ಟರಲ್ಲಿ ರಾತ್ರಿ ಹನ್ನೊಂದು, ಅವಳಿಗೆ ನಿದ್ದೆ.

2019ರ ಮಳೆಗಾಲದಲ್ಲಿ ಫೋನು ನಿಂತಿತು. ಮೂರು ದಿನ ನನಗದು ಗಮನಕ್ಕೇ ಬರಲಿಲ್ಲ. ನಾಲ್ಕನೇ ದಿನ ತಂಗಿ ಹೇಳಿದಳು: ಅಮ್ಮ ಅಂಗಳದಲ್ಲಿ ಜಾರಿ ಕೈ ಮುರಿದುಕೊಂಡಿದ್ದಾಳೆ. "ಅವನಿಗೆ ಹೇಳ್ಬೇಡ, ಪುರ್ಸೊತ್ತಿಲ್ಲ" ಅಂದಿದ್ದಳಂತೆ.

ಈಗ ಎಂಟಕ್ಕೆ ಹತ್ತು ನಿಮಿಷ ಗಲ್ಲಾದಲ್ಲಿ ಸಪ್ಲೈಯರ್ ಹುಡುಗ ಕೂರುತ್ತಾನೆ. ಚಿಲ್ಲರೆ ತಪ್ಪುತ್ತದೆ, ತಪ್ಪಲಿ. ಅಮ್ಮ ಮಳೆಯ ಸುದ್ದಿ ಅರ್ಧ ಹೇಳಿ, "ಗಿರಾಕಿ ಕಾಯ್ತಿರ್ಬೋದು, ಇಡು ಮಗಾ" ಅನ್ನುತ್ತಾಳೆ.