ಆಮೇಲೆ ನೋಡಿಕೊಳ್ಳೋಣ

ಇವತ್ತಿನ ತೀರ್ಮಾನವನ್ನು ನಾಳೆಗೆ ತಳ್ಳುವವರನ್ನು ಲೋಕ ಸೋಮಾರಿಗಳೆಂದು ಜರಿಯುತ್ತದೆ. ಆದರೆ ಹಾಗೆ ತಳ್ಳುವುದನ್ನೇ ವಿದ್ಯೆ ಮಾಡಿಕೊಂಡು ಸಂಬಳ ಎಣಿಸುವ ಒಂದು ಪಂಗಡವಿದೆ: ಕಂಪ್ಯೂಟರಿನಲ್ಲಿ ಶಿಲ್ಪ ಕಡೆಯುವವರು. ಝೀಬ್ರಶ್ ಎಂಬ ತಂತ್ರಾಂಶದಲ್ಲಿ ಒಬ್ಬ ಮುದುಕನ ಮುಖವನ್ನು ಸುಕ್ಕುಸುಕ್ಕಾಗಿ ಕೆತ್ತಿ ಮುಗಿಸಿದರು ಅನ್ನಿ. ಚಂದದ ಒಂದು ಚಿತ್ರ ರೆಂಡರ್ ಮಾಡಿ ಎದ್ದು ಹೋಗಬಹುದಲ್ಲ? ಇಲ್ಲ. ಒಂದೇ ಭಂಗಿಯದು ಹತ್ತಾರು ಬೇಕು. ಒಂದರಲ್ಲಿ ಬರೀ ಮೈಬಣ್ಣ, ಇನ್ನೊಂದರಲ್ಲಿ ಬರೀ ನೆರಳು, ಮತ್ತೊಂದರಲ್ಲಿ ಬರೀ ಹೊಳಪು. ಇವಕ್ಕೆ ಪಾಸ್ ಎನ್ನುತ್ತಾರೆ. ಎಲ್ಲವನ್ನೂ ಫೋಟೋಶಾಪಿನಲ್ಲಿ ಒಂದರ ಮೇಲೊಂದು ಹಾಸಿಟ್ಟು, ನೆರಳು ಎಷ್ಟು ದಟ್ಟವಾಗಿರಬೇಕು, ಹಣೆ ಎಷ್ಟು ಮಿನುಗಬೇಕು ಎಂಬುದನ್ನು ಕಾಫಿ ಕುಡಿಯುತ್ತಾ ನಿಧಾನಕ್ಕೆ ತೀರ್ಮಾನಿಸುತ್ತಾರೆ.

ಈ ಬುದ್ಧಿ ಕಂಪ್ಯೂಟರಿನ ಜೊತೆ ಹುಟ್ಟಿದ್ದೇನಲ್ಲ. ನಮ್ಮ ಎಷ್ಟೋ ದೇವರಮನೆಗಳಲ್ಲಿ ತೂಗುಹಾಕಿದ್ದ ಲಕ್ಷ್ಮಿ, ಸರಸ್ವತಿಯರನ್ನು ನೆನೆಸಿಕೊಳ್ಳಿ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಛಾಪಖಾನೆಯಲ್ಲಿ ಒಂದೊಂದು ಬಣ್ಣಕ್ಕೂ ಒಂದೊಂದು ಅಚ್ಚುಕಲ್ಲು. ಹಾಳೆ ಒಂದು ಕಲ್ಲಿನಿಂದ ಇನ್ನೊಂದಕ್ಕೆ ಹೋಗುವಾಗ ಕೂದಲೆಳೆಯಷ್ಟು ಜರುಗಿದರೂ ದೇವಿಯ ತುಟಿಯ ಕೆಂಪು ಗಲ್ಲಕ್ಕೆ ಇಳಿಯುತ್ತಿತ್ತು. 1977ರ ‘ಸ್ಟಾರ್ ವಾರ್ಸ್’ ಚಿತ್ರದವರದೂ ಇದೇ ವರಸೆ. ಪುಟ್ಟ ಮಾದರಿ ನೌಕೆಯ ಮುಂದೆ ಕ್ಯಾಮರಾವನ್ನು ಯಂತ್ರಕ್ಕೆ ಬಿಗಿದು, ಅದೇ ಚಲನೆಯನ್ನು ಮತ್ತೆ ಮತ್ತೆ ಮಾಡಿಸಿ, ಒಮ್ಮೆ ನೌಕೆಯ ಮೈಯನ್ನೂ ಇನ್ನೊಮ್ಮೆ ಎಂಜಿನ್ನಿನ ಬೆಳಕನ್ನೂ ಬೇರೆಬೇರೆಯಾಗಿ ಹಿಡಿದರು. ನಮ್ಮ ಡಿಜಿಟಲ್ ಶಿಲ್ಪಿಗೂ ಇರುವುದು ಅದೊಂದೇ ಕಟ್ಟಳೆ. ಎಲ್ಲ ಪಾಸುಗಳು ಮುಗಿಯುವವರೆಗೆ ಮುದುಕನನ್ನೂ ಅಲುಗಿಸಬಾರದು, ಕ್ಯಾಮರಾವನ್ನೂ ಅಲುಗಿಸಬಾರದು.

ಝೀಬ್ರಶ್‌ನಲ್ಲಿ ಬಿಪಿಆರ್ ಎಂಬ ರೆಂಡರ್ ಕೊಟ್ಟರೆ ನೆರಳು, ಆಳ, ಮಾಸ್ಕ್ ಎಲ್ಲ ಬೇರೆಬೇರೆಯಾಗಿ ಸಿಗುತ್ತವೆ. ಪಳಗಿದವರು ಅಷ್ಟಕ್ಕೇ ನಿಲ್ಲುವುದಿಲ್ಲ. ಮುದುಕನ ಮೈಗೆ ಕಪ್ಪಗೆ ಹೊಳೆಯುವ ಮೆಟೀರಿಯಲ್ ತೊಡಿಸಿ ಒಂದು ರೆಂಡರ್, ಹಿಂದಿನಿಂದ ಮಾತ್ರ ದೀಪ ಬಿಟ್ಟು ಇನ್ನೊಂದು. ಕಪ್ಪು ಮೈ ಯಾಕೆಂದರೆ ಫೋಟೋಶಾಪಿನ ಸ್ಕ್ರೀನ್ ಮೋಡ್‌ನಲ್ಲಿ ಕಪ್ಪೆಲ್ಲ ಮಾಯವಾಗಿ ಹೊಳಪಷ್ಟೇ ಉಳಿಯುತ್ತದೆ. (ಫೋಟೋಶಾಪ್ ಬಂದದ್ದು 1990ರಲ್ಲಿ, ಅದಕ್ಕೆ ಪದರಗಳು ಬಂದದ್ದು 1994ರಲ್ಲಿ. ನಡುವಿನ ನಾಲ್ಕು ವರ್ಷ ಜನ ಎಲ್ಲವನ್ನೂ ಅಲ್ಲಲ್ಲೇ ತೀರ್ಮಾನಿಸುತ್ತಿದ್ದರು ಪಾಪ!)

ಹೀಗೆ ಬಿಡಿಸಿ ಕೂಡಿಸುವುದು ಸಾಧ್ಯವಾಗುವುದೇ ಬೆಳಕಿನ ಒಳ್ಳೆಯತನದಿಂದ. ಕೋಣೆಯಲ್ಲಿ ಎರಡು ದೀಪಗಳಿದ್ದರೆ ಒಂದು ಇನ್ನೊಂದರ ತಂಟೆಗೆ ಹೋಗುವುದಿಲ್ಲ. ಒಂದೊಂದನ್ನೇ ಹಚ್ಚಿ ತೆಗೆದ ಎರಡು ಚಿತ್ರಗಳನ್ನು ಕೂಡಿದರೆ ಎರಡನ್ನೂ ಹಚ್ಚಿ ತೆಗೆದ ಚಿತ್ರವೇ ಬರಬೇಕು. ಬರಬೇಕು, ಆದರೆ ಎಲ್ಲರ ಕೈಗೂ ಸಿಗುವ 8 ಬಿಟ್ ಚಿತ್ರದಲ್ಲಿ ಬರುವುದಿಲ್ಲ. ಅಲ್ಲಿಯ ಅಂಕೆಗಳನ್ನು ಬರೆದಿರುವುದು ಕಣ್ಣಿನ ಅನುಕೂಲಕ್ಕೆ, ಕೂಡುಲೆಕ್ಕಕ್ಕಲ್ಲ. 128 ಎಂದರೆ ಅಚ್ಚಬಿಳಿಯಾದ 255ರ ಅರ್ಧದಷ್ಟು ಬೆಳಕಲ್ಲ, ಸುಮಾರು ಐದನೆಯ ಒಂದು ಪಾಲು. ಅಂಥ ಎರಡು ಬೆಳಕು ನಿಜವಾಗಿ ಕೂಡಿದರೆ 176ರ ಆಸುಪಾಸು ಬರುತ್ತದೆ. ಅಂಕೆಗಳನ್ನೇ ಕೂಡುವ ಲೀನಿಯರ್ ಡಾಡ್ಜ್ ಎಂಬ ಮೋಡ್ ಮುಖವನ್ನು ನೇರ 255ಕ್ಕೆ ಒಯ್ದು ಸುಣ್ಣ ಬಳಿದುಬಿಡುತ್ತದೆ. ಸ್ಕ್ರೀನ್ ಮೋಡ್ 192 ಕೊಡುತ್ತದೆ. ಭೌತಶಾಸ್ತ್ರದ ಗಂಧವಿಲ್ಲದ ಕಲಾವಿದರು ಕಣ್ಣಂದಾಜಿನಲ್ಲೇ ಸ್ಕ್ರೀನ್ ಹಿಡಿದದ್ದು ನೋಡಿದರೆ ನನಗೆ ಕಣ್ಣಿನ ಮೇಲೆ ಗೌರವ ಹೆಚ್ಚುತ್ತದೆ. ಲೆಕ್ಕ ಕರಾರುವಾಕ್ಕಾಗಿರಬೇಕು ಅನ್ನುವವರು 32 ಬಿಟ್‌ಗೆ ಹೋಗಲಿ, ಯಾರೂ ತಡೆಯುವುದಿಲ್ಲ.

ನೆರಳಿನ ಕತೆಯೇ ಬೇರೆ. ಆಂಬಿಯೆಂಟ್ ಅಕ್ಲೂಷನ್ ಎಂಬ ಪಾಸ್ ಒಂದಿದೆ. ಮೂಗಿನ ಸಂದು, ಕಿವಿಯ ಹಿಂಭಾಗ, ಹೀಗೆ ಸುತ್ತಲ ಬೆಳಕು ನುಸುಳಲಾರದ ಕಡೆ ಕಪ್ಪೇರುವ ಚಿತ್ರ ಅದು. 2001ರ ‘ಪರ್ಲ್ ಹಾರ್ಬರ್’ ಚಿತ್ರಕ್ಕಾಗಿ ಐಎಲ್‌ಎಂ ಸ್ಟುಡಿಯೋದವರು ಬಳಸಿದ ಮೇಲೆ ಎಲ್ಲರಿಗೂ ಅದರ ಹುಚ್ಚು ಹಿಡಿಯಿತು. ಅದು ತಡೆಯಬೇಕಾದದ್ದು ಆಕಾಶದಂತೆ ಸುತ್ತಲಿಂದ ಬರುವ ಮಂದ ಬೆಳಕನ್ನು ಮಾತ್ರ. ನೇರ ದೀಪದ ಬೆಳಕಿಗೂ ಅದಕ್ಕೂ ಸಂಬಂಧವಿಲ್ಲ. ಈಗಿನ ಹುಡುಗರು ಅದನ್ನು ಎಲ್ಲದರ ಮೇಲೂ ಕಪ್ಪೇರಿಸುವ ಮಲ್ಟಿಪ್ಲೈ ಮೋಡ್‌ನಲ್ಲಿ ನೂರಕ್ಕೆ ನೂರು ಕೂರಿಸುತ್ತಾರೆ. ಮುದುಕ ಆಗ ಸೀಮೆಎಣ್ಣೆ ಬುಡ್ಡಿಯ ಪಕ್ಕ ರಾತ್ರಿಯಿಡೀ ಮಲಗಿದ್ದವನಂತೆ ಕಾಣುತ್ತಾನೆ. ನನ್ನ ಕೈಯಲ್ಲಿದ್ದರೆ ಆ ಪದರವನ್ನು ಮೂವತ್ತಕ್ಕಿಂತ ಮೇಲೆ ಏರಿಸಲು ಬಿಡುವುದಿಲ್ಲ. ಏರಿಸಿದರೂ ಶುದ್ಧ ಕಪ್ಪನ್ನು ತೆಗೆದು ಒಂದಿಷ್ಟು ಕಂದುಗೆಂಪು ಬೆರೆಸುತ್ತೇನೆ, ಚರ್ಮದ ಸಂದಿನಲ್ಲಿ ರಕ್ತದ ಬಣ್ಣವಿರಬೇಕಲ್ಲ.

ಆಳದ ಪಾಸ್‌ನಲ್ಲಿ ಹತ್ತಿರದ್ದು ಬಿಳಿ, ದೂರದ್ದು ಕಪ್ಪು. ಇದನ್ನಿಟ್ಟುಕೊಂಡು ರೆಪ್ಪೆಯನ್ನು ಚೂಪಾಗಿ ಉಳಿಸಿ ಕಿವಿಯನ್ನು ಮಸುಕು ಮಾಡಬಹುದು. 8 ಬಿಟ್‌ನಲ್ಲಿ ಇರುವುದು 256 ಮೆಟ್ಟಿಲು ಮಾತ್ರ, ಹಾಗಾಗಿ ಕೆನ್ನೆಯ ಮೇಲೆ ಪಟ್ಟೆ ಬೀಳುತ್ತದೆ. 16 ಬಿಟ್ ಕೇಳಿ ಪಡೆಯಬೇಕು. ಅಂಚು ನಯವಾಗಲಿ ಎಂದು ಉಜ್ಜಿದರೆ ಇನ್ನೊಂದು ತಕರಾರು. ಕಿವಿಯ ದೂರ ಮತ್ತು ಹಿಂದಿನ ಗೋಡೆಯ ದೂರ ಬೆರೆತು, ಏನೂ ಇಲ್ಲದ ನಡುವಿನ ಜಾಗದಲ್ಲೊಂದು ಕಿವಿಯಂಚು ಹುಟ್ಟಿ, ತಲೆಯ ಸುತ್ತ ದೇವತೆಗಳಿಗಿರುವಂಥ ಪ್ರಭೆ ಏಳುತ್ತದೆ.

ಇಷ್ಟೆಲ್ಲ ಆಗಿ, ಪದರಗಳಿಗೆಲ್ಲ ಹೆಸರಿಟ್ಟು, ಫೈಲು ಗಿಗಾಬೈಟಿನಷ್ಟು ಊದಿಕೊಂಡಿರುವಾಗ ಕೆಲಸ ಕೊಟ್ಟವರು ಬಂದು ನೋಡುತ್ತಾರೆ. ನೆರಳು ಕಮ್ಮಿ ಮಾಡಿ ಎಂದರೆ ಒಂದು ಕ್ಷಣದ ಕೆಲಸ. ಹೊಳಪಿಗೆ ನೀಲಿ ಬೆರೆಸಿ ಎಂದರೂ ಸೈ. ಅವರು ಹೇಳುವುದು ಮಾತ್ರ, ಮೂಗು ತುಸು ಉದ್ದವಾಯಿತೇನೋ ಅಂತ. ಅದಕ್ಕೆ ಯಾವ ಪಾಸೂ ಇಲ್ಲ. ಝೀಬ್ರಶ್ ತೆರೆದು, ಮೂಗು ತರಿದು, ಎಲ್ಲವನ್ನೂ ಮೊದಲಿಂದ ರೆಂಡರ್ ಮಾಡಬೇಕು.