ಬೂದಿ ಬುಧವಾರದಿಂದ ಈಸ್ಟರ್‌ವರೆಗೆ: ಬೆಳ್ಳಾವಿಯ ದಿನಚರಿ

ಮಾರ್ಚ್ 5, 2025, ಬುಧವಾರ

ಇವತ್ತಿನಿಂದ ಲೆಂಟ್. ಈಸ್ಟರ್‌ವರೆಗೆ ಬಾಡೂಟ ಇಲ್ಲ, ಕಾಫಿಗೆ ಸಕ್ಕರೆ ಇಲ್ಲ. ಸಕ್ಕರೆ ಬಿಡಲು ಹೇಳಿದ್ದು ಡಾಕ್ಟರು. ಅದನ್ನೂ ದೇವರ ಲೆಕ್ಕಕ್ಕೆ ಬರೆದುಕೊಂಡರೆ ಮೋಸವಾದೀತು.

ಐದು ಗಂಟೆಗೆ ಎದ್ದು ಮಾರ್ಕನ ಮೊದಲ ಅಧ್ಯಾಯ ತೆಗೆದೆ. ಕಪೆರ್ನೌಮಿನಲ್ಲಿ ಸಂಜೆಯೆಲ್ಲ ರೋಗಿಗಳ ಸಾಲು. ಮಾರನೆಯ ದಿನ ಇನ್ನೂ ಕತ್ತಲಿರುವಾಗಲೇ ಯೇಸುಸ್ವಾಮಿ ಎದ್ದು ಯಾರೂ ಇಲ್ಲದ ಕಡೆ ಪ್ರಾರ್ಥನೆಗೆ ಹೋಗುತ್ತಾರೆ. ಅದೇ ಅಧ್ಯಾಯ ಮುಗಿಯುವ ಮುನ್ನ ಎದುರಾಗುವವನು ಕುಷ್ಠರೋಗಿ, ಊರಿಗೂ ಹೊರಗಿನವನು, ಸಭಾಮಂದಿರಕ್ಕೂ ಹೊರಗಿನವನು. ಸ್ವಾಮಿ ಅವನನ್ನು ಮುಟ್ಟುತ್ತಾರೆ. ಮಾತಿನಲ್ಲೇ ವಾಸಿ ಮಾಡಬಹುದಿತ್ತು. ಕೈಗವಸು ಹಾಕಿಕೊಂಡು ನೌಕರಿ ಮುಗಿಸಿದ ನನ್ನಂಥ ನರ್ಸಿನ ಓದನ್ನು ಆ ಮುಟ್ಟುವಿಕೆ ಪ್ರತಿ ಸಲವೂ ನಿಲ್ಲಿಸುತ್ತದೆ.

ಏಳು ಗಂಟೆಗೆ ಎದುರು ಮನೆಯ ಅಜ್ಜನ ಪಟ್ಟಿ. ಸಕ್ಕರೆ ಕಾಯಿಲೆ. ಜಿಲ್ಲಾ ಆಸ್ಪತ್ರೆಯಲ್ಲಿ ಎಡಗಾಲಿನ ಕಿರುಬೆರಳು ತೆಗೆದಿದ್ದಾರೆ, ಅಂಗಾಲಿನ ಗಾಯ ಮಾತ್ರ ಮಾಗುತ್ತಿಲ್ಲ. ಹಳೇ ಗಾಜ್ ಬಟ್ಟೆ ಒಣಗಿ ಅಂಟಿಕೊಂಡಿರುತ್ತದೆ. ಎಳೆದರೆ ಹೊಸ ಚರ್ಮವೂ ಕಿತ್ತು ಬರುತ್ತದೆ. ಸಲೈನ್ ಹನಿಸಿ, ಅದು ತಾನಾಗಿ ಬಿಡುವವರೆಗೂ ಕಾಯಬೇಕು. ಆ ಕಾಯುವ ಹೊತ್ತಿನಲ್ಲಿ ಅಜ್ಜ ಅಡಿಕೆ ರೇಟು ಹೇಳುತ್ತಾರೆ, ನಾನು ಒಳಗೊಳಗೇ ಅವರ ಹೆಸರು ಹಿಡಿದು ಪ್ರಾರ್ಥಿಸುತ್ತೇನೆ. ಬಾಯಿ ಬಿಟ್ಟಿಲ್ಲ. ಅವರು ಕೇಳಿಲ್ಲ.

ತುಮಕೂರಿನ ನಮ್ಮ ಸಭೆಯ ಹೆಂಗಸರ ಕೂಟದಿಂದ ವರದಿಯ ಫಾರಂ ಬಂದಿದೆ. ಲೆಂಟ್ ಮುಗಿದ ಮೇಲೆ ತುಂಬಿ ಕೊಡಬೇಕು. ‘ಭೇಟಿ ಮಾಡಿದ ಅನ್ಯರ ಮನೆಗಳ ಸಂಖ್ಯೆ’ ಅಂತ ಒಂದು ಕಾಲಂ. ಪೆನ್ನು ಮುಚ್ಚಿಟ್ಟೆ.

ಮಾರ್ಚ್ 16, ಭಾನುವಾರ

ಬೆಳಗಿನ ಬಸ್ಸಿಗೆ ತುಮಕೂರು. ಚರ್ಚ್ ಸರ್ಕಲ್‌ನಲ್ಲಿ ಇಳಿಯುವಾಗ ಪಕ್ಕದಲ್ಲಿದ್ದ ಹುಡುಗಿ “ಆಂಟಿ, ಈ ಸರ್ಕಲ್‌ಗೆ ಯಾಕೆ ಈ ಹೆಸರು?” ಅಂದಳು. ಎದುರಿಗೇ ವೆಸ್ಲಿ ದೇವಾಲಯ ನಿಂತಿದೆ, ತೋರಿಸಿದೆ. “ಓ, ಇದು ಚರ್ಚಾ? ದಿನಾ ನೋಡ್ತೀನಿ” ಅಂದಳು. ಆ ಮಗುವನ್ನು ಬೈಯುವಂತಿಲ್ಲ. ಕಾಂಪೌಂಡಿನ ಒಳಗಿನಿಂದ ನಾವೂ ಆಕೆಯನ್ನು ದಿನಾ ನೋಡಿಲ್ಲ.

ಪ್ರಸಂಗ ಲೂಕ ಹತ್ತರ ಮೇಲೆ, ಒಳ್ಳೆಯ ಸಮಾರ್ಯದವನು. ಸಭಾಪಾಲಕರು ಚೆನ್ನಾಗಿ ಹೇಳಿದರು, ಆದರೆ ಎಲ್ಲರೂ ನಿಲ್ಲಿಸುವ ಕಡೆಗೇ ನಿಲ್ಲಿಸಿದರು: ನಾವೂ ಸಮಾರ್ಯದವನಂತೆ ಹೊರಗಿನವರನ್ನು ಪ್ರೀತಿಸಬೇಕು. ಕಥೆಯಲ್ಲಿ ಹೊರಗಿನವನು ಯಾರು? ಬಿದ್ದವನಲ್ಲ, ಎತ್ತಿದವನು. ಯಾಜಕನೂ ಲೇವಿಯೂ ದೇವಾಲಯದ ಕೆಲಸದವರು. ದೇವರ ಹತ್ತಿರ ಇದ್ದೇವೆ ಅಂದುಕೊಂಡವರು ಆಚೆ ಪಕ್ಕದಲ್ಲಿ ದಾಟಿ ಹೋದರು. ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಸುರಿದು ಕಟ್ಟಿದವನು ಯೆಹೂದ್ಯರು ಮನೆ ಮೆಟ್ಟಿಲು ತುಳಿಯದ ಜಾತಿಯವನು. ನನ್ನನ್ನು ಆ ಕಥೆಯಲ್ಲಿ ಎಲ್ಲಿ ಇಟ್ಟುಕೊಳ್ಳಲಿ? ಬೆಳ್ಳಾವಿಯಲ್ಲಿ ಜ್ವರ ಬಂದು ಮಲಗಿದ್ದಾಗ ಗಂಜಿ ತಂದುಕೊಟ್ಟವರು ಒಬ್ಬರೂ ನಮ್ಮ ಸಭೆಯವರಲ್ಲ.

ಇನ್ನೊಂದು ವಿಷಯ ಯಾರೂ ಹೇಳುವುದಿಲ್ಲ. ಸಮಾರ್ಯದವನ ಕಥೆ ಮುಗಿದ ಮುಂದಿನ ಸಾಲಿಗೇ ಮಾರ್ಥ ಮರಿಯರ ಮನೆ ಬರುತ್ತದೆ: ಒಬ್ಬಳಿಗೆ ಅಡುಗೆಮನೆಯ ಗಡಿಬಿಡಿ, ಇನ್ನೊಬ್ಬಳು ಸ್ವಾಮಿಯ ಪಾದದ ಬಳಿ ಕೂತಿದ್ದಾಳೆ. ಅದಾದ ಮೇಲೆ ಹನ್ನೊಂದನೇ ಅಧ್ಯಾಯಕ್ಕೆ ಪ್ರಾರ್ಥನೆಯ ಪಾಠ. ಒಂದು ಭಾನುವಾರ ಸಮಾರ್ಯದವನು, ಇನ್ನೊಂದು ಭಾನುವಾರ ಮರಿಯ ಅಂತ ನಾವು ತುಂಡು ಮಾಡಿಟ್ಟಿದ್ದೇವೆ. ಲೂಕ ವೈದ್ಯ ಒಂದೇ ಪಟ್ಟಿಯಲ್ಲಿ ಸುತ್ತಿದ್ದ. ಕೂತವಳು ಎದ್ದಾಗ ಎಲ್ಲಿಗೆ ಹೋಗುತ್ತಾಳೆ, ರಸ್ತೆಯಲ್ಲಿ ಬಗ್ಗಿದವನಿಗೆ ಬಗ್ಗುವ ಶಕ್ತಿ ಎಲ್ಲಿಂದ ಬಂತು, ಎರಡೂ ಒಂದೇ ಪ್ರಶ್ನೆ.

ವಾಪಸ್ ಬರುವಾಗ ಗುಬ್ಬಿ ನೆನಪಾಯಿತು. 1837ರಲ್ಲಿ ವೆಸ್ಲಿಯನ್ ಮಿಷನರಿ ಥಾಮಸ್ ಹಾಡ್ಸನ್ ಅಲ್ಲಿಗೆ ಬಂದರು. ಅಲ್ಲಿನ ಮೊದಮೊದಲ ವಿಶ್ವಾಸಿಗಳಲ್ಲೊಬ್ಬನಾದ ಮುದುಕ ದಾನಿಯೇಲನ ಬಗ್ಗೆ ಅವರು 1877ರಲ್ಲಿ ಒಂದು ಇಡೀ ಪುಸ್ತಕ ತಂದರು. ನನ್ನ ಮನಸ್ಸು ನಿಲ್ಲುವುದು ವಿಲಿಯಂ ಆರ್ಥರ್ ಹತ್ತಿರ. 1839ರಲ್ಲಿ ಐರ್ಲೆಂಡಿನಿಂದ ಗುಬ್ಬಿಗೆ ಬಂದ ಇಪ್ಪತ್ತರ ಹುಡುಗ. ಎರಡು ವರ್ಷಕ್ಕೆ ಕಣ್ಣೂ ಆರೋಗ್ಯವೂ ಕೆಟ್ಟು ವಾಪಸ್ ಹೋಗಬೇಕಾಯಿತು. ಫಾರಂ ತುಂಬಿದ್ದರೆ ಅವರ ಕಾಲಂ ಬಹುಪಾಲು ಖಾಲಿ. 1856ರಲ್ಲಿ ಅವರು ಪವಿತ್ರಾತ್ಮನ ಶಕ್ತಿಯ ಬಗ್ಗೆ ಬರೆದ ‘ದಿ ಟಂಗ್ ಆಫ್ ಫೈರ್’ ಇಂಗ್ಲಿಷ್ ಮಾತಾಡುವ ಸಭೆಗಳಲ್ಲೆಲ್ಲ ಓಡಾಡಿತು. ಅದರಲ್ಲಿ ಗುಬ್ಬಿಯ ಪಾಲು ಎಷ್ಟೋ. ಕೈಗೆ ಏನೂ ಹತ್ತದ ಊರಿನಲ್ಲೇ ಆ ಶಕ್ತಿ ತನ್ನದಲ್ಲ ಅಂತ ಹುಡುಗನಿಗೆ ಗೊತ್ತಾಗಿರಬೇಕು ಅನ್ನುವುದು ನನ್ನ ಊಹೆ.

ಮಾರ್ಚ್ 21, ಶುಕ್ರವಾರ

ಅಜ್ಜನ ಮಗ ಬೆಂಗಳೂರಿನಿಂದ ಬಂದಿದ್ದಾನೆ. ಪಟ್ಟಿ ಕಟ್ಟುವುದನ್ನು ಬಾಗಿಲಲ್ಲಿ ನಿಂತು ನೋಡಿದ. ಆಮೇಲೆ ರಸ್ತೆಗೆ ಕೇಳುವ ಹಾಗೆ: “ಏನ್ ನರ್ಸಮ್ಮ, ಫ್ರೀ ಸೇವೆ ಯಾತಕ್ಕೆ? ಇವತ್ತು ಪಟ್ಟಿ, ನಾಳೆ ಪುಸ್ತಕ ಕೊಡ್ತೀರಾ?”

“ಪುಸ್ತಕ ಬೇಡಪ್ಪ. ಈ ಕಾಲಿನ ಮೇಲೆ ಭಾರ ಬೀಳದ ಹಂಗೆ ಒಂದು ಚಪ್ಪಲಿ ಮಾಡಿಸ್ಕೊಡು, ಸಾಕು” ಅಂದೆ.

ಅವನ ಸಿಟ್ಟು ಗಾಳಿಯಿಂದ ಬಂದದ್ದಲ್ಲ. ಮತಾಂತರ ನಿಷೇಧ ಅಂತ ಜನ ಕರೆಯುವ ಕಾಯ್ದೆ 2022ರಲ್ಲಿ ಜಾರಿಗೆ ಬಂತು. ಉಡುಗೊರೆ, ಉಚಿತ ವಿದ್ಯೆ, ಒಳ್ಳೆಯ ಬದುಕಿನ ಭರವಸೆ ಎಲ್ಲವೂ ಅದರಲ್ಲಿ ಆಮಿಷದ ಪಟ್ಟಿಗೆ ಸೇರಿವೆ. ಮೂರರಿಂದ ಐದು ವರ್ಷ ಜೈಲು. 2023ರ ಜೂನ್‌ನಲ್ಲಿ ಹೊಸ ಸರ್ಕಾರದ ಸಂಪುಟ ರದ್ದು ಮಾಡುವ ತೀರ್ಮಾನ ಮಾಡಿತು, ಆದರೆ ಜನರ ಮನಸ್ಸಿನಲ್ಲಿ ಕೂತ ಅನುಮಾನವನ್ನು ಯಾವ ಸಂಪುಟವೂ ರದ್ದು ಮಾಡಲಾರದು. ಆ ಕಾಯ್ದೆ ನನಗೆ ಅನ್ಯಾಯ ಅನ್ನಿಸುತ್ತದೆ. ಆದರೂ ಅವನ ಪ್ರಶ್ನೆಯಲ್ಲಿ ಒಂದು ಪಾಲು ನ್ಯಾಯ ಇದೆ. ನಮ್ಮ ವರದಿಯ ಫಾರಂನಲ್ಲೇ ಆ ಕಾಲಂ ಇರುವಾಗ ಹೊರಗಿನವನು ಅದನ್ನು ಕಂಡುಹಿಡಿದ ಅಂತ ಕೋಪ ಯಾಕೆ?

ನಮ್ಮ ಮನೆತನದ ಕಥೆಯೇ ಇದೆ. ಧಾತು, ಈಶ್ವರ ಸಂವತ್ಸರಗಳ ಬರ, 1876ರಿಂದ 78. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ ಐವತ್ತು ಲಕ್ಷ ದಾಟಿದ್ದದ್ದು 1881ಕ್ಕೆ ನಲವತ್ತೆರಡು ಲಕ್ಷಕ್ಕೆ ಇಳಿಯಿತು. ಅನಾಥರಾದ ಗಂಡುಮಕ್ಕಳಿಗೆ ವೆಸ್ಲಿಯನ್ ಮಿಷನ್ ತುಮಕೂರಿನಲ್ಲಿ ಆಶ್ರಯ ಕೊಟ್ಟಿತು. ಅಲ್ಲಿ ಬೆಳೆದ ಒಬ್ಬ ಹುಡುಗನ ವಂಶ ನಾವು. “ಗಂಜಿಗೆ ಜಾತಿ ಬಿಟ್ಟೋರು” ಅನ್ನುವ ಮಾತು ಶಾಲೆಯಲ್ಲಿ ಕೇಳಿ ಅತ್ತಿದ್ದೇನೆ. ಅಪ್ಪ ಸಮಾಧಾನ ಹೇಳಲಿಲ್ಲ, “ಹೌದು, ಗಂಜಿ ಕೊಟ್ಟರು. ಬೇರೆ ಯಾರೂ ಕೊಡಲಿಲ್ಲ” ಅಂದರು. ಕೊಟ್ಟವರ ಮನಸ್ಸಿನಲ್ಲಿ ಪ್ರೀತಿ ಎಷ್ಟಿತ್ತು, ಲೆಕ್ಕ ಎಷ್ಟಿತ್ತು? ಎರಡೂ ಇದ್ದಿರಬೇಕು. ಹಸಿದ ಹುಡುಗ ಅದನ್ನು ಬೇರ್ಪಡಿಸಿ ಉಣ್ಣಲಿಲ್ಲ. ನಾನು ಬೇರ್ಪಡಿಸಬಲ್ಲೆ, ಹಾಗಾಗಿ ಬೇರ್ಪಡಿಸಲೇಬೇಕು.

ಮಾರ್ಚ್ 31, ಸೋಮವಾರ

ನಿನ್ನೆ ಯುಗಾದಿ, ಭಾನುವಾರದ ದಿನವೇ. ಆರಾಧನೆ ಮುಗಿಸಿ ಬಂದಾಗ ಪಕ್ಕದ ಮನೆ ಅಕ್ಕ ಬೇವುಬೆಲ್ಲ, ಹೋಳಿಗೆ ಹಿಡಿದು ಕಾಯುತ್ತಿದ್ದರು. ನಮ್ಮ ಸಭೆಯಲ್ಲಿ ಹಬ್ಬದ ಮನೆಯ ತಿಂಡಿ ಮುಟ್ಟದವರಿದ್ದಾರೆ, ವಿಗ್ರಹಕ್ಕೆ ಇಟ್ಟದ್ದು ಅಂತ. ಅವರ ಮನಸ್ಸಾಕ್ಷಿ ಅವರಿಗೆ. ಕೊರಿಂಥದವರಿಗೆ ಬರೆದ ಮೊದಲ ಪತ್ರದ ಹತ್ತನೇ ಅಧ್ಯಾಯದಲ್ಲಿ ಪೌಲ, ಅವಿಶ್ವಾಸಿ ಊಟಕ್ಕೆ ಕರೆದರೆ ಎಲೆಗೆ ಬಡಿಸಿದ್ದನ್ನು ವಿಚಾರಣೆ ಮಾಡದೆ ಉಣ್ಣು ಅನ್ನುತ್ತಾನೆ. ನಾನು ಎರಡು ಹೋಳಿಗೆ ತಿಂದೆ, ತುಪ್ಪ ಹಾಕಿಸಿಕೊಂಡೇ.

ಇವತ್ತು ಹೊಸತೊಡಕು, ಜೊತೆಗೆ ರಂಜಾನ್. ಬೆಳಗ್ಗೆಯಿಂದ ಇಡೀ ಬೀದಿಗೆ ಮಸಾಲೆ ವಾಸನೆ. ಅಕ್ಕನ ಮನೆಗೆ ಗುಡ್ಡೆ ಬಾಡು ಬಂತು, ಟೈಲರ್ ಸಾಬರ ಮನೆಯಿಂದ ನನಗೆ ಶೀರ್‌ಕುರ್ಮಾ ಬಂತು. ಉಪವಾಸ ಮುಗಿಸಿದವರ ಮಧ್ಯೆ ಉಪವಾಸದಲ್ಲಿರುವವಳು ನಾನೊಬ್ಬಳೇ. “ಏನ್ ನರ್ಸಮ್ಮ, ನಿಮ್ ರೋಜಾ ಇನ್ನೂ ಮುಗೀಲಿಲ್ವಾ?” ಅಂತ ಸಾಬರು ನಕ್ಕರು. ಈಸ್ಟರ್ ದಿನ ಕೇಕ್ ಕೊಡ್ತೀನಿ ಅಂದೆ.

ಏಪ್ರಿಲ್ 1, ಮಂಗಳವಾರ

ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳ ಜಯಂತಿ. ಬೀದಿಯ ಅರ್ಧ ಜನ ಕ್ಯಾತ್ಸಂದ್ರಕ್ಕೆ ಹೋಗಿದ್ದಾರೆ.

1907ರಲ್ಲಿ ಹುಟ್ಟಿ 2019ರ ಜನವರಿ 21ರಂದು ಲಿಂಗೈಕ್ಯರಾದವರು. ನೂರು ದಾಟಿದ ಮೇಲೂ ಬೆಳಗಿನ ಜಾವದ ಕತ್ತಲಲ್ಲೇ ಎದ್ದು ಇಷ್ಟಲಿಂಗ ಪೂಜೆ, ಅದಾದ ಮೇಲೆಯೇ ಮಿಕ್ಕದ್ದೆಲ್ಲ. ಸಾವಿರಾರು ಮಕ್ಕಳಿಗೆ ಊಟ, ವಸತಿ, ವಿದ್ಯೆ, ಜಾತಿ ಧರ್ಮ ಕೇಳದೆ. ನಮ್ಮ ಸಭೆಯ ಹಿರಿಯರೊಬ್ಬರ ಮಗ ಅಲ್ಲಿಯೇ ಓದಿದ. ಹಣೆಗೆ ವಿಭೂತಿ ಹಚ್ಚಿಕೊಂಡು ಸಾಮೂಹಿಕ ಪ್ರಾರ್ಥನೆಗೆ ಕೂತ, ವಾಪಸ್ ಬಂದು ದೇವಾಲಯದಲ್ಲಿ ಕೀರ್ತನೆ ಹಾಡಿದ. ಯಾರೂ ಅವನನ್ನು ಗೆಲ್ಲಲು ಹೋಗಿರಲಿಲ್ಲ.

ಬರೆಯುವಾಗ ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ಅಲ್ಲಿನ ಅನ್ನ ದಾಸೋಹ, ನಮ್ಮ ಗಂಜಿ ಆಮಿಷ. ಹೊಟ್ಟೆಕಿಚ್ಚನ್ನು ಬದಿಗಿಟ್ಟು ನೋಡಿದರೆ ಕಾಣುವುದು ಇಷ್ಟು: ಅಲ್ಲಿ ಪೂಜೆಯ ಕೋಣೆಗೂ ಅಡುಗೆಮನೆಗೂ ನಡುವೆ ದಾಖಲಾತಿಯ ಮೇಜು ಇರಲಿಲ್ಲ. ಮತ್ತಾಯ ಇಪ್ಪತ್ತೈದರಲ್ಲಿ ಬಲಗಡೆ ನಿಂತವರೂ ಹಾಗೆಯೇ. ಹಸಿದವರಿಗೆ ಉಣಿಸಿದಿರಿ ಅಂದರೆ, ಯಾವಾಗ ಅಂತ ಅವರೇ ತಬ್ಬಿಬ್ಬಾಗುತ್ತಾರೆ. ಲೆಕ್ಕ ಇಟ್ಟಿದ್ದರೆ ತಾರೀಖು ಹೇಳುತ್ತಿದ್ದರು. ಕ್ರಿಸ್ತನನ್ನು ಬಿಟ್ಟು ನನಗೆ ಬೇರೆ ದಾರಿ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಆದರೆ ಆ ದಾರಿಯ ಒಂದು ಪಾಠವನ್ನು ಕ್ಯಾತ್ಸಂದ್ರದಲ್ಲಿ ಕಲಿತೆ ಅಂತ ಹೇಳಲು ನನಗೆ ನಾಚಿಕೆಯಿಲ್ಲ.

ಏಪ್ರಿಲ್ 10, ಗುರುವಾರ

ಅಜ್ಜನ ಗಾಯದ ತಳ ಕೆಂಪಗೆ, ಆರೋಗ್ಯವಾಗಿ ಕಾಣುತ್ತಿದೆ. ಮಗ ಬೆಂಗಳೂರಿನಿಂದ ಮೆತ್ತನೆಯ ಅಟ್ಟೆಯ ಚಪ್ಪಲಿ ಕಳಿಸಿದ್ದಾನೆ. ಅಜ್ಜ ಅದನ್ನು ಹಾಕಿಕೊಳ್ಳದೆ ಡಬ್ಬದಲ್ಲೇ ಇಟ್ಟಿದ್ದರು, ಹೊಸದು ಸವೆಯುತ್ತದೆ ಅಂತ! ಜೋರು ಮಾಡಿ ತೊಡಿಸಿದೆ.

ಪಟ್ಟಿ ಕಟ್ಟುವಾಗ ಕೇಳಿದರು: “ನೀನು ಕಣ್ಮುಚ್ಕೊಂಡು ಏನೋ ಅಂದ್ಕೋತೀಯಲ್ಲ ಕಣವ್ವ, ನಿಮ್ ದೇವರ್‌ಗೆ ನನ್ ಹೆಸರೂ ಹೇಳ್ತೀಯಾ?”

“ಹೇಳ್ತಾನೇ ಇದೀನಿ ಅಜ್ಜಾರೆ.”

“ಏನಂತ?”

“ಈ ಮುದುಕಪ್ಪ ಚಪ್ಪಲಿ ಹಾಕ್ಕೊಳ್ಳೋ ಹಂಗೆ ಮಾಡಪ್ಪ ಅಂತ.”

ನಕ್ಕು, “ಬಸವಣ್ಣಂಗೂ ಅದೇ ಹೇಳಿದೀನಿ” ಅಂದರು. ಅವರು ನನಗಾಗಿ ಏನು ಕೇಳುತ್ತಾರೋ, ನಾನು ವಿಚಾರಿಸಲಿಲ್ಲ.

ಏಪ್ರಿಲ್ 18, ಶುಭ ಶುಕ್ರವಾರ

ಮಧ್ಯಾಹ್ನ ಹನ್ನೆರಡರಿಂದ ಮೂರು, ಶಿಲುಬೆಯ ಏಳು ಮಾತುಗಳು. ನನ್ನ ಪಾಲಿಗೆ ಬಂದದ್ದು ಐದನೆಯದು, ದಾಹದ ಮಾತು. ಬಾಯಾರಿದ ರೋಗಿಗಳನ್ನು ನೋಡಿದ್ದೇನೆ. ಕೊನೆಯ ಹೊತ್ತಿನಲ್ಲಿ ಹತ್ತಿ ಅದ್ದಿ ತುಟಿ ಒದ್ದೆ ಮಾಡುವ ಕೆಲಸ ನರ್ಸಿನದು. ಗೊಲ್ಗೊಥದಲ್ಲಿ ಆ ಕೆಲಸ ಮಾಡಿದವರು ಶಿಷ್ಯರಲ್ಲ, ಕಾವಲಿಗೆ ನಿಂತ ಹೊರಗಿನವರು. ಅವರ ಹುಳಿರಸವನ್ನು ಸ್ವಾಮಿ ಬೇಡ ಅನ್ನಲಿಲ್ಲ. ಕೊಡುವವರಾಗಿಯೇ ಇರಬೇಕು ಅನ್ನುವುದು ನಮ್ಮ ಸಭೆಗಳ ದೊಡ್ಡ ಜಂಬ. ಪಕ್ಕದ ಮನೆಯ ಹೋಳಿಗೆಗೆ ಕೈ ಚಾಚಲಾರದವರ ಪಟ್ಟಿಗೆ, ಗಂಜಿಗೆ ಅನುಮಾನ ಅಂಟದೆ ಇರದು. ಇಷ್ಟನ್ನೇ ಹೇಳಿ ಇಳಿದೆ. ಹೋಳಿಗೆಯ ಮಾತಿಗೆ ಮುಂದಿನ ಸಾಲಿನಲ್ಲಿ ಇಬ್ಬರು ಮುಖ ಕಿವುಚಿದ್ದು ಕಂಡಿತು.

ಏಪ್ರಿಲ್ 21, ಸೋಮವಾರ

ನಿನ್ನೆ ಈಸ್ಟರ್. ಸಾಬರ ಮನೆಗೆ ಕೇಕ್, ಅಕ್ಕನ ಮನೆಗೆ ಕೇಕ್, ಅಜ್ಜನಿಗೆ ಕೇಕ್ ಬದಲು ಕಡಲೆ ಉಸಲಿ. ಮುನಿಸಿಕೊಂಡರು.

ಫಾರಂ ತುಂಬಿದೆ. ‘ಅನ್ಯರ ಮನೆಗಳ ಸಂಖ್ಯೆ’ ಅನ್ನುವಲ್ಲಿ ಒಂದು ಗೆರೆ ಎಳೆದು ಕೆಳಗೆ ಬರೆದೆ: ಅಕ್ಕಂದಿರೇ, ಮುಂದಿನ ವರ್ಷ ಈ ಕಾಲಂ ತೆಗೆದುಬಿಡಿ. ಬೆಳಗಿನ ಪ್ರಾರ್ಥನೆಯಲ್ಲಿ ಹೆಸರು ಹೇಳಿದ ಮನೆಗೆ ಹೋಗುತ್ತೇವೆ, ಅವರು ಕರೆದಾಗಲೂ ಹೋಗುತ್ತೇವೆ. ಅದನ್ನು ಸಂಖ್ಯೆ ಮಾಡಿ ಕಳಿಸುವುದು ನನ್ನಿಂದ ಆಗದು. ಇದಕ್ಕೆ ಒಪ್ಪಿಗೆ ಇಲ್ಲದಿದ್ದರೆ ನನ್ನ ಹೆಸರನ್ನು ವರದಿಯಿಂದ ಬಿಡಿ, ಕೂಟದಿಂದ ಬಿಡಬೇಡಿ.