ಬಿಸಿಲ ನಾಡಿನ ಹಿತ್ತಲು



ಮಲೆನಾಡಿನಲ್ಲಿ ಹುಟ್ಟಿ ಬೆಳೆದವನಿಗೆ ಹಿತ್ತಲಿನ ಕೆಲಸವೆಂದರೆ ಹೆಚ್ಚಾಗಿ ಕಳೆ ಕೀಳುವ ಕೆಲಸ. ಮಳೆ ಹಿಡಿದರೆ ಬೇಲಿಗೆ ನೆಟ್ಟ ಗೂಟವೂ ಅಲ್ಲಿ ಚಿಗುರುತ್ತದೆ. ಅಂಥ ಊರಿನವನಾದ ನಾನು ತಮಿಳುನಾಡಿನ ತಿರುಪ್ಪೂರಿಗೂ ಪಲ್ಲಡಕ್ಕೂ ನಡುವಿನ ಒಂದು ಬಡಾವಣೆಯಲ್ಲಿ ಆರು ವರ್ಷ ಸೇವೆಯಲ್ಲಿದ್ದೆ. ಒಂದು ಕೊಡ ನೀರಿಗೆ ಎಷ್ಟು ಬೆಲೆಯಿದೆ ಎಂಬುದನ್ನು ಕಲಿತದ್ದು ಅಲ್ಲಿಯೇ.

ಆ ಸೀಮೆ ನಮಗೆ ಪರಕೀಯವೇನಲ್ಲ. ನಮ್ಮ ಕೊಳ್ಳೇಗಾಲ ತಾಲ್ಲೂಕು 1956ರವರೆಗೂ ಕೊಯಮತ್ತೂರು ಜಿಲ್ಲೆಗೇ ಸೇರಿತ್ತು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು ಆಡುವ ದೇವಾಂಗ ನೇಕಾರರೂ ಒಕ್ಕಲಿಗರೂ ಅಲ್ಲಿ ಎಷ್ಟೋ ತಲೆಮಾರುಗಳಿಂದ ನೆಲೆಸಿದ್ದಾರೆ. ಬನಿಯನ್ ಕಂಪನಿಗಳಲ್ಲಿ ಕೆಲಸಕ್ಕೆಂದು ಚಾಮರಾಜನಗರ, ಕೊಳ್ಳೇಗಾಲದ ಕಡೆಯಿಂದ ಬಂದ ಕುಟುಂಬಗಳೂ ನಮ್ಮ ನೆರೆಯಲ್ಲಿದ್ದವು.

ಅಂಥ ಒಂದು ಮನೆಗೆ ಭೇಟಿ ನೀಡಿದಾಗ, ಬಾಗಿಲ ಬಳಿ ಒಂದೆರಡು ತರಕಾರಿ ಗಿಡ ಬೆಳೆಸಿಕೊಳ್ಳಬಾರದೇ ಎಂದು ಆ ತಾಯಿಯನ್ನು ಕೇಳಿದೆ. ಆಕೆ ಪಾಳಿಯ ಕೆಲಸ ಮುಗಿಸಿ ಆಗಷ್ಟೇ ಬಂದಿದ್ದರು. "ಫಾದರ್, ಕುಡಿಯೋ ನೀರು ವಾರಕ್ಕೊಂದು ಸಲ ಬರ್ತದೆ. ಅದ್ರಲ್ಲಿ ಮಕ್ಕಳಿಗೆ ಸ್ನಾನ ಮಾಡಿಸ್ಲಾ, ಗಿಡಕ್ಕೆ ಹಾಕ್ಲಾ?" ಎಂದರು. ಆ ಪ್ರಶ್ನೆ ನ್ಯಾಯವಾದದ್ದು. ಅದಕ್ಕೆ ಉತ್ತರ ಹುಡುಕುತ್ತಾ ನಾನು ಆ ನೆಲದ ಋತುಗಳನ್ನು ಗಮನಿಸತೊಡಗಿದೆ.

ಕೊಯಮತ್ತೂರು, ತಿರುಪ್ಪೂರು ಬಯಲು ಮರುಭೂಮಿಯಲ್ಲ. ಆದರೆ ಮಳೆಯ ನೆರಳಿನಲ್ಲಿರುವ ನೆಲ. ಮುಂಗಾರು ಮಳೆಯನ್ನೆಲ್ಲ ಪಶ್ಚಿಮ ಘಟ್ಟ ಆಚೆಗೇ ತಡೆದುಕೊಳ್ಳುತ್ತದೆ. ಮಂಗಳೂರಿನಲ್ಲಿ ವರ್ಷಕ್ಕೆ 3500 ಮಿಲಿಮೀಟರ್ ಮೀರಿ ಮಳೆ ಸುರಿದರೆ, ಕೊಯಮತ್ತೂರು ನಗರಕ್ಕೆ ಸಿಗುವುದು ಸುಮಾರು 600ರಿಂದ 700 ಮಿಲಿಮೀಟರ್ ಮಾತ್ರ. ವಿಚಿತ್ರವೆಂದರೆ, ಅದೇ ಜಿಲ್ಲೆಯ ವಾಲ್ಪಾರೈ ಬಳಿಯ ಚಿನ್ನಕಲ್ಲಾರ್ ದಕ್ಷಿಣ ಭಾರತದ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲೊಂದು! ಬಯಲಿಗೆ ಬರುವುದು ಗಾಳಿ ಮಾತ್ರ. ಘಟ್ಟದಲ್ಲಿರುವ ಪಾಲಕ್ಕಾಡ್ ಕಣಿವೆಯ ಮೂಲಕ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅದು ಭೋರೆಂದು ನುಗ್ಗುತ್ತದೆ. ಪಲ್ಲಡಂ, ಉಡುಮಲೈಪೇಟೆಯ ಹೊಲಗಳಲ್ಲಿ ಸಾಲುಸಾಲಾಗಿ ನಿಂತಿರುವ ಗಾಳಿಯಂತ್ರಗಳು ತಿರುಗುವುದು ಇದೇ ಗಾಳಿಗೆ. ನಿಜವಾದ ಮಳೆ ಬರುವುದು ಹಿಂಗಾರಿನಲ್ಲಿ, ಅಕ್ಟೋಬರ್ ಮತ್ತು ನವೆಂಬರ್‌ನಲ್ಲಿ.

ಈ ಪಂಚಾಂಗವನ್ನು ನನಗೆ ಹೇಳಿಕೊಟ್ಟವರು ಪಕ್ಕದ ಬೀದಿಯ ಒಬ್ಬ ದೇವಾಂಗ ಅವ್ವ. ವಯಸ್ಸು ಎಪ್ಪತ್ತು ದಾಟಿತ್ತು. ಮಗ್ಗದ ಮನೆಯ ಹಿಂದೆ ನಾಲ್ಕು ಮಾರು ಜಾಗದಲ್ಲಿ ಅವರ ಹಿತ್ತಲು. ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಏಪ್ರಿಲ್‌ನಲ್ಲಿ. ಮಡಿಗಳೆಲ್ಲ ಖಾಲಿ, ಮೇಲೆ ತೆಂಗಿನ ಗರಿ ಹಾಸಿತ್ತು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ, "ಈಗ ಬಿತ್ತಿದ್ರೆ ಬೀಜ ಇರುವೆಗೆ, ನೀರು ಬಿಸಿಲಿಗೆ. ಆಡಿ ಬರಲಿ, ಸಾಮಿ" ಎಂದರು.

ಆಡಿ ಎಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ತಮಿಳು ತಿಂಗಳು. ಆಡಿಯ ಹದ ಹುಡುಕಿ ಬಿತ್ತು ಎಂಬುದು ಅಲ್ಲಿನ ರೈತರ ನಾಣ್ಣುಡಿ. ಆಡಿ ಹದಿನೆಂಟರ ಹೊತ್ತಿಗೆ ಅವ್ವ ಬೆಂಡೆ, ಗೋರಿಕಾಯಿ, ಅವರೆ, ಹೀರೆ, ಸೋರೆ ಬೀಜ ಊರುತ್ತಿದ್ದರು. ಬದನೆ, ಟೊಮೇಟೊ, ಮೆಣಸಿನಕಾಯಿಗೆ ಒಟ್ಟಲು ಹಾಕುತ್ತಿದ್ದರು. ನಮ್ಮೂರಲ್ಲಿ ಮಡಿಯನ್ನು ಏರಿಸಿ ಕಟ್ಟುತ್ತೇವೆ. ಅವರು ನೆಲಮಟ್ಟಕ್ಕಿಂತ ಒಂದು ಗೇಣು ತಗ್ಗಿಸುತ್ತಿದ್ದರು. ಹಾಕಿದ ನೀರು ಹರಿದುಹೋಗದೆ ಬುಡದಲ್ಲೇ ಇಂಗುತ್ತದೆ, ಒಣಗಾಳಿಯೂ ಸಸಿಗೆ ಅಷ್ಟಾಗಿ ತಾಗುವುದಿಲ್ಲ. ಗಾಳಿ ಬೀಸುವ ಪಡುವಣ ದಿಕ್ಕಿಗೆ ಅಗಸೆ ಮರದ ಸಾಲು. ಅದರ ಸೊಪ್ಪು ಅಡುಗೆಗೂ ಆಯಿತು, ಆಡಿಗೂ ಆಯಿತು. ಸೆಪ್ಟೆಂಬರ್ 8ರಂದು ಕರಾವಳಿಯ ನಮ್ಮ ಮನೆಗಳಲ್ಲಿ ಹೊಸ ತೆನೆ ಬಂದಿರುತ್ತದೆ. ಅವ್ವನ ಒಟ್ಟಲಿನ ಸಸಿಗಳು ಆಗಷ್ಟೇ ಮಡಿಗೆ ಇಳಿದಿರುತ್ತಿದ್ದವು.

ಅಕ್ಟೋಬರ್ ಮಳೆ ಒಂದೇ ಸಲಕ್ಕೆ ಸುರಿಯುತ್ತದೆ. ಪಲ್ಲಡಂ ಕಡೆಯ ಕಪ್ಪು ಮಣ್ಣು ನೀರು ಕುಡಿದು ಅಂಟಾಗುತ್ತದೆ, ಬೇರು ಕೊಳೆಯುತ್ತದೆ. ಆಗ ಅವ್ವ ತಗ್ಗು ಮಡಿಯ ಒಂದು ಮೂಲೆ ಒಡೆದು ಹೆಚ್ಚಿನ ನೀರನ್ನು ತೆಂಗಿನ ಬುಡಕ್ಕೆ ತಿರುಗಿಸುತ್ತಿದ್ದರು. ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಹಿತ್ತಲಿಗೆ ಸುಗ್ಗಿ. ರಾತ್ರಿ ತಂಪು, ಹಗಲು ಹಿತವಾದ ಬಿಸಿಲು. ಪಾಲಕ್, ಮೂಲಂಗಿ, ಕೊತ್ತಂಬರಿ, ಬೀಟ್‌ರೂಟ್ ಎಲ್ಲವೂ ಬರುತ್ತವೆ. ಕ್ರಿಸ್ಮಸ್ ಹೊತ್ತಿಗೆ ಟೊಮೇಟೊ ಹಣ್ಣಾಗುತ್ತದೆ. ಕೊಯ್ಲಿನಲ್ಲಿ ಒಳ್ಳೆಯ ಕಾಯಿಯೊಂದನ್ನು ಅವ್ವ ಗಿಡದಲ್ಲೇ ಬಲಿಯಲು ಬಿಡುತ್ತಿದ್ದರು. ಅದರ ಬೀಜ ಒಣಗಿಸಿ, ಬೂದಿ ಬೆರೆಸಿ, ಡಬ್ಬದಲ್ಲಿ ಮುಚ್ಚಿಡುತ್ತಿದ್ದರು.

ಮಾರ್ಚ್ ಬಂದರೆ ಕೈ ಬಿಗಿಹಿಡಿಯಬೇಕು. ರಾತ್ರಿಯ ಸೆಕೆ ಹೆಚ್ಚಾದಂತೆ ಟೊಮೇಟೊ ಹೂ ಉದುರುತ್ತದೆ, ಬಿಳಿನೊಣ ಹರಡುವ ರೋಗದಿಂದ ಎಲೆ ಮುರುಟುತ್ತದೆ. ಅಂಥ ಗಿಡಕ್ಕೆ ಎಷ್ಟು ನೀರು ಸುರಿದರೂ ಕಾಯಿ ಬಾರದು. ಅವ್ವ ಅವನ್ನು ಕಿತ್ತುಹಾಕಿ, ಮಡಿಗೆ ಗರಿ ಹಾಸಿ, ಕರಿಬೇವು, ನುಗ್ಗೆ ಮತ್ತು ಒಂದು ಸಾಲು ಗೋರಿಕಾಯಿ ಮಾತ್ರ ಉಳಿಸಿಕೊಳ್ಳುತ್ತಿದ್ದರು. ಮೇ ತಿಂಗಳ ಅಗ್ನಿ ನಕ್ಷತ್ರದ ಬಿಸಿಲಲ್ಲೂ ನುಗ್ಗೆ ಬಾಡುವುದಿಲ್ಲ; ನೀರು ಅತಿಯಾದರೇ ಅದರ ಹೂ ಉದುರುತ್ತದೆ. ತಮಿಳುನಾಡು ಕೃಷಿ ವಿಶ್ವವಿದ್ಯಾನಿಲಯದ ಪೆರಿಯಕುಳಂ ಕಾಲೇಜಿನಿಂದ ಬಂದ ಪಿಕೆಎಂ-1 ತಳಿ ಬೀಜದಿಂದ ಬೆಳೆದು ಆರೇಳು ತಿಂಗಳಲ್ಲೇ ಕಾಯಿ ಬಿಡುತ್ತದೆ. ಕೊಯ್ಲಾದ ಮೇಲೆ ಮೂರಡಿ ಎತ್ತರಕ್ಕೆ ಕಡಿದರೆ ಮತ್ತೆ ಚಿಗುರುತ್ತದೆ. ನಮ್ಮ ತಪಸ್ಸುಕಾಲ ಬರುವುದೂ ಈ ಬೇಸಿಗೆಯ ಆರಂಭದಲ್ಲೇ. ಆ ದಿನಗಳಲ್ಲಿ ನಮ್ಮ ಊಟದೆಲೆಯ ಮೇಲೆ ನುಗ್ಗೆಸೊಪ್ಪಿನ ಪಲ್ಯ ತಪ್ಪುತ್ತಿರಲಿಲ್ಲ.

ಹೀಗೆ ಕಾಲ ತಿಳಿಯಿತು. ಆದರೆ ಆ ತಾಯಿಯ ಪ್ರಶ್ನೆ ನೀರಿನದು. ತಿರುಪ್ಪೂರಿನಲ್ಲಿ ಅದಕ್ಕೊಂದು ಕಹಿ ಹಿನ್ನೆಲೆಯಿದೆ. ಬಟ್ಟೆಗೆ ಬಣ್ಣ ಹಾಕುವ ಘಟಕಗಳ ಕೊಳೆನೀರು ವರ್ಷಾನುಗಟ್ಟಲೆ ನೊಯ್ಯಲ್ ನದಿಗೆ ಸೇರಿತು. ನೀರಾವರಿಗೆಂದು 1992ರಲ್ಲಿ ಪೂರ್ಣಗೊಂಡ ಒರತ್ತುಪಾಳೆಯಂ ಅಣೆಕಟ್ಟೆಯಲ್ಲಿ ಆ ಕೊಳೆಯೇ ತುಂಬಿ ರೈತರ ಹೊಲಗಳು ಹಾಳಾದವು. ಕೊಳೆನೀರನ್ನು ಹೊರಗೆ ಬಿಡದಂಥ ವ್ಯವಸ್ಥೆ ಮಾಡಿಕೊಳ್ಳದ ಘಟಕಗಳನ್ನು ಮುಚ್ಚುವಂತೆ ಮದ್ರಾಸ್ ಹೈಕೋರ್ಟ್ 2011ರ ಜನವರಿಯಲ್ಲಿ ಆದೇಶಿಸಿತು. ಆದರೂ ನೆಲದೊಳಗೆ ಇಳಿದ ಉಪ್ಪು ಅಷ್ಟು ಬೇಗ ಹೋಗುವುದಿಲ್ಲ. ನಮ್ಮ ಬಡಾವಣೆಯ ಕೊಳವೆಬಾವಿಯ ನೀರು ಹಾಕಿದರೆ ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತಿತ್ತು. ಅಂಥ ನೀರಿಗೆ ಹುರುಳಿಕಾಯಿ, ಈರುಳ್ಳಿ ಸೊರಗುತ್ತವೆ. ಬೀಟ್‌ರೂಟ್, ಪಾಲಕ್, ತೆಂಗು ಸಹಿಸಿಕೊಳ್ಳುತ್ತವೆ. ಹಿಂಗಾರಿನಲ್ಲಿ ಮಡಿಯ ಮೇಲಿನ ಹೊದಿಕೆ ಸರಿಸಿ ಮಳೆನೀರು ಚೆನ್ನಾಗಿ ಇಂಗಲು ಬಿಟ್ಟರೆ ಉಪ್ಪು ಬೇರಿನಿಂದ ಕೆಳಗೆ ಇಳಿಯುತ್ತದೆ.

ಇನ್ನು ಮಳೆನೀರಿನ ಲೆಕ್ಕ. ತಮಿಳುನಾಡು ಸರಕಾರ 2003ರಲ್ಲೇ ಎಲ್ಲ ಕಟ್ಟಡಗಳಿಗೆ ಮಳೆನೀರು ಸಂಗ್ರಹವನ್ನು ಕಡ್ಡಾಯ ಮಾಡಿತು. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾಲುಮನೆಯ ಪುಟ್ಟ ಮಾಡು 30 ಚದರ ಮೀಟರ್ ಇದ್ದರೂ 20 ಮಿಲಿಮೀಟರಿನ ಒಂದು ಮಳೆಗೆ 600 ಲೀಟರ್! ಚೆಲ್ಲಿಹೋದದ್ದನ್ನು ಕಳೆದರೂ 200 ಲೀಟರಿನ ಎರಡು ಡ್ರಮ್ ತುಂಬಿ ಮಿಗುತ್ತದೆ. ಆದರೆ ಬಣ್ಣದ ರಾಸಾಯನಿಕ ತುಂಬಿದ್ದ ಹಳೆಯ ಡ್ರಮ್ ಬೇಡ. ಬಾಯಿಗೆ ಬಟ್ಟೆ ಬಿಗಿದು ಕಟ್ಟಿ. ಇಲ್ಲವಾದರೆ ಡೆಂಗಿ ಸೊಳ್ಳೆಗೆ ನಾವೇ ಮನೆ ಕೊಟ್ಟಂತೆ.

ಬೇಸಿಗೆಗೆ ಉಳಿಯುವುದು ಮನೆಯ ಬಳಸಿದ ನೀರು. ಆ ತಾಯಿಯ ಮನೆಯಲ್ಲಿ ಒಂದು ದಿನ ಅಳೆದು ನೋಡಿದೆವು. ಅಕ್ಕಿ, ಬೇಳೆ, ತರಕಾರಿ ತೊಳೆದದ್ದು ಮತ್ತು ಬಟ್ಟೆಯನ್ನು ಕೊನೆಯ ಸಲ ಜಾಲಿಸಿದ್ದು ಸೇರಿ ಎರಡು ಬಕೆಟ್. ಬಟ್ಟೆ ಜಾಲಿಸಿದ ನೀರನ್ನು ಒಗೆಯುವ ಕಲ್ಲಿನ ಪಕ್ಕ ನೆಟ್ಟ ನುಗ್ಗೆಗೆ ಬಿಟ್ಟರು. ಅಕ್ಕಿ ತೊಳೆದ ನೀರು ಕರಿಬೇವಿಗೆ ಮತ್ತು ಹಳೆ ಪೇಂಟ್ ಡಬ್ಬಗಳ ದಂಟಿನ ಸೊಪ್ಪಿಗೆ. ಅವ್ವ ಹೇಳಿಕೊಟ್ಟಂತೆ ಒಂದು ಮಣ್ಣಿನ ಮಡಕೆಯನ್ನು ಕತ್ತಿನವರೆಗೆ ಹೂತು, ಸುತ್ತ ನಾಲ್ಕು ಬದನೆ ಸಸಿ ಇಟ್ಟೆವು. ಮಡಕೆಯಲ್ಲಿ ತುಂಬಿದ ನೀರು ಸಣ್ಣಗೆ ಒಸರಿ ನೇರ ಬೇರಿಗೆ ಸೇರುತ್ತದೆ. ಮೂರು ದಿನಕ್ಕೊಮ್ಮೆ ತುಂಬಿದರೆ ಸಾಕು. ಗಿಡ ಕಟ್ಟಲು ಕಂಪನಿಯ ಬಿಳಿ ಬನಿಯನ್ ಬಟ್ಟೆಯ ಚೂರು.

ಮರುವರ್ಷದ ತೈ ತಿಂಗಳಲ್ಲಿ ಆಕೆ ನುಗ್ಗೆಸೊಪ್ಪಿನ ಒಂದು ಕಟ್ಟು ತಂದುಕೊಟ್ಟರು. "ವಾರಕ್ಕೆ ಎರಡು ದಿನ ಸೊಪ್ಪಿಗೆ ದುಡ್ಡು ಕೊಡೋ ಹಂಗಿಲ್ಲ ಫಾದರ್. ಕುಡಿಯೋ ನೀರು ಒಂದು ಲೋಟನೂ ಗಿಡಕ್ಕೆ ಹಾಕಿಲ್ಲ," ಎಂದರು. ಆ ಎರಡನೆಯ ಮಾತನ್ನು ಹೇಳುವಾಗ ಅವರ ಮುಖದಲ್ಲಿ ಹೆಚ್ಚು ಸಂತೋಷವಿತ್ತು.

ಬಳ್ಳಾರಿ, ರಾಯಚೂರು, ಚಿತ್ರದುರ್ಗ, ಕೋಲಾರದ ಒಣಸೀಮೆಯಲ್ಲೂ ಬೆಂಗಳೂರಿನ ತಾರಸಿಯಲ್ಲೂ ಇದನ್ನು ಓದುತ್ತಿರುವ ಕುಟುಂಬಗಳಿವೆ. ನಿಮ್ಮೂರಿನ ಮಳೆ, ಗಾಳಿ ಬೇರೆಯಿರಬಹುದು. ಮೊದಲು ಒಂದು ದಿನ ಮನೆಯಿಂದ ಚರಂಡಿಗೆ ಹೋಗುವ ನೀರನ್ನು ಮಕ್ಕಳ ಕೈಯಲ್ಲೇ ಅಳೆಸಿ. ಎಷ್ಟು ಬಕೆಟ್ ಬಂತೋ ಅಷ್ಟಕ್ಕೆ ತಕ್ಕ ಗಿಡ ಇಡಿ. ಊರಿನ ಹಿರಿಯರನ್ನು ಕೇಳಿ ಬಿತ್ತನೆಯ ತಿಂಗಳು ತಿಳಿದುಕೊಳ್ಳಿ. ಉರಿಬಿಸಿಲಿನಲ್ಲಿ ಮಡಿ ಖಾಲಿ ಉಳಿದರೆ ಬೇಸರ ಬೇಡ. ಗರಿ ಹೊದಿಸಿ, ಬೀಜದ ಡಬ್ಬ ಭದ್ರವಾಗಿಟ್ಟು, ಮುಂದಿನ ಮಳೆಗೆ ಕಾಯಿರಿ.